ಹೊಳೆ ಬದಲಿಸಿದ ಶನಿವಾರ

ನಮ್ಮೂರಿಗೆ ಹೊಳೆ ಬಂದದ್ದು ಬಸ್‌ಸ್ಟ್ಯಾಂಡಿಗೆ. ಅದಕ್ಕೆ ಮುಂಚೆ ನಮಗೆ ನೀರೆಂದರೆ ಟ್ಯಾಂಕರು, ಟ್ಯಾಂಕರೆಂದರೆ ಜಗಳ. ಬೇರೆ ಊರುಗಳಲ್ಲಿ ಕಣ್ಣಿಗೆ ಕಟ್ಟಿಕೊಂಡು ಕಾಣದ ದೇಶ ನೋಡುವ ಯಂತ್ರಗಳು ಬಂದಿದ್ದವಂತೆ. ತಲೆಗೊಂದು ಕೊಳ್ಳುವ ಶಕ್ತಿ ನಮ್ಮ ಪಂಚಾಯಿತಿಗೆ ಎಲ್ಲಿಂದ ಬರಬೇಕು? ಸಿಮೆಂಟು ಚೀಲ ಬಿಚ್ಚಿ ಹೊಲಿದು, ಬಿದಿರು ಬಗ್ಗಿಸಿ, ಮಂಕರಿ ಬೋರಲು ಹಾಕಿದ ಹಾಗೆ ಒಂದು ಗುಡಾರ ಕಟ್ಟಿದರು. ಒಳಗೆಲ್ಲ ಸುಣ್ಣ ಬಳಿದರು. ಗುಡಾರದ ಬೆನ್ನಿಗೆ ಅಂಟಿದ ಹಾಗೆ ತಗಡಿನ ಗೂಡು, ಗೂಡಿನಲ್ಲಿ ಹಳೇ ಪ್ರೊಜೆಕ್ಟರು, ಅದರೆದುರು ರಸ್ತೆ ತಿರುವಿನಲ್ಲಿ ನಿಲ್ಲಿಸುತ್ತಾರಲ್ಲ ಅಂಥದೊಂದು ಉಬ್ಬುಗನ್ನಡಿ. ಹೊಳೆಯ ಚಿತ್ರದ ಬೆಳಕು ಕನ್ನಡಿಗೆ ಬಿದ್ದು ಅಲ್ಲಿಂದ ಗುಡಾರದ ತುಂಬ ಹರಡಿಕೊಳ್ಳುತ್ತಿತ್ತು. ಒಳಗೆ ಕಾಲಿಟ್ಟರೆ ತಲೆ ಮೇಲೆ ಆಕಾಶ, ಸುತ್ತ ಹೊಳೆದಂಡೆ. ಬಸ್ಸು ತಡವಾದರೆ ಜನ ಒಂದು ಗಳಿಗೆ ನೋಡಿಕೊಂಡು ಬರಲಿ ಅಂತ ಮಾಡಿದ್ದು, ಅಷ್ಟೇ.

ಮೊದಲ ವಾರ ಜನ ನೋಡಿಕೊಂಡೇ ಬಂದರು. ಎರಡನೇ ವಾರ ಒಬ್ಬ ಕಂಡಕ್ಟರು ಪ್ಯಾಂಟು ಮಂಡಿವರೆಗೆ ಒದ್ದೆ ಮಾಡಿಕೊಂಡು ಹೊರಗೆ ಬಂದ. ಮಾರನೆ ದಿನ ಊರವರು ಬಿಂದಿಗೆ ಹಿಡಿದುಕೊಂಡು ಸಾಲು ನಿಂತರು. ಬಿಂದಿಗೆ ನೀರು ಹೊಸ್ತಿಲು ದಾಟುತ್ತಿರಲಿಲ್ಲ, ಬಾಗಿಲಿಗೆ ಬರುವಷ್ಟರಲ್ಲಿ ತಳ ಒಣಗಿರುತ್ತಿತ್ತು. ಬಟ್ಟೆ ಕುಡಿದ ನೀರು ಮಾತ್ರ ಹೊರಗೆ ಬರುತ್ತಿತ್ತು. ಕಂಬಳಿ ನೆನೆಸಿ ತಂದು ಮನೆಯ ಹಂಡೆಗೆ ಹಿಂಡಿಕೊಂಡವರೂ ಇದ್ದರು. ಆ ನೀರಲ್ಲಿ ಬೆಂದ ಬೇಳೆಗೆ ಕುರಿ ವಾಸನೆ ಅಂತ ಗಂಡಸರು ರಾಗ ತೆಗೆದರು. ಒಗೆಯುವವರು ಒಗೆದರು, ಮೀಯುವವರು ಮಿಂದರು, ಗುಡಾರಕ್ಕೆ ಹೊಳೆಮನೆ ಅಂತ ಹೆಸರು ಬಿತ್ತು. ಕರೆಂಟು ಹೋದರೆ ಒಳಗಿದ್ದವರು ಒಳಗೇ. ಕರೆಂಟು ಬಂದ ಮೇಲೆ ಹೊರಗೆ ಬಂದು, "ಯಾವಾಗ ಹೋಗಿತ್ತು?" ಅಂತ ನಮ್ಮನ್ನೇ ಕೇಳುತ್ತಿದ್ದರು. ಅದಕ್ಕೂ ಒಗ್ಗಿಹೋದೆವು.

ಹೊಳೆಗೆ ಯಾರಾದರೂ ಚಪ್ಪಲಿ ಮೆಟ್ಟಿಕೊಂಡು ಇಳಿಯುತ್ತಾರೆಯೇ? ಬಾಗಿಲಲ್ಲಿ ಗೋಣಿತಾಟು ಹಾಸಿ ಚಪ್ಪಲಿ ಕಾಯಲು ನನ್ನನ್ನು ಕೂರಿಸಿದರು. ಓದು ಬರಹ ಎರಡನೇ ಕ್ಲಾಸಿಗೆ ನಿಂತ ನನಗೆ ಅದು ತಕ್ಕ ಕೆಲಸವೇ. ಗೋಣಿ ಮೇಲೆ ಜೋಡು ಇದ್ದರೆ ಒಳಗೆ ಜನ ಇದ್ದಾರೆ, ಗೋಣಿ ಬರಿದಾದರೆ ಹೊಳೆಮನೆ ಬರಿದು. ಯಂತ್ರ ನೋಡಿಕೊಳ್ಳುವ ಇದಾಯತ್ತು ಗುಂಡಿ ಒತ್ತುವ ಮುಂಚೆ ನನ್ನ ಗೋಣಿ ನೋಡುತ್ತಿದ್ದ.

ಇದಕ್ಕೊಂದು ತೊಡಕು ಶನಿವಾರ ಇರುತ್ತಿತ್ತು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಳೆದರೆ ಶನಿ ಕಳೆಯಿತು ಅನ್ನುತ್ತಾರಲ್ಲ, ನಮ್ಮ ಜನ ಅದನ್ನು ಹೊಳೆಮನೆಗೂ ತಂದರು. ಕಾಲ ಕೆಟ್ಟಿದೆ ಅನ್ನಿಸಿದವರು ಶನಿವಾರ ಹಳೇ ಚಪ್ಪಲಿ ಮೆಟ್ಟಿಕೊಂಡು ಬಂದು, ಹೊಳೆಯಲ್ಲಿ ಕಾಲು ತೊಳೆದು, ಚಪ್ಪಲಿ ಅಲ್ಲೇ ಬಿಟ್ಟು ತಿರುಗಿ ನೋಡದೆ ಹೋಗುತ್ತಿದ್ದರು. ಯಾವುದು ಬಿಟ್ಟದ್ದು, ಯಾವುದು ಇಟ್ಟದ್ದು ಅಂತ ನನಗೆ ಗೊತ್ತಾಗುತ್ತಿತ್ತು. ನನ್ನ ಮುಂದೆ ಬಿಡುವವರ ಮುಖ ನೋಡಿರುತ್ತಿದ್ದೆನಲ್ಲ.

ನನ್ನ ತಂಗಿ ದುಂಡಮ್ಮ ದಿನಾ ಒಳಗೆ ಹೋಗುವವಳು. ನಾಕು ಮನೆಯ ಬಟ್ಟೆ ಒಗೆದು ಕೊಡುತ್ತಿದ್ದಳು. ಹಸುಗೂಸಿನಲ್ಲೇ ಜ್ವರ ಬಂದು ಕಿವಿ ಹೋಯಿತು, ಕಿವಿಯ ಹಿಂದೆ ಮಾತೂ ಹೋಯಿತು. ಊರವರು ಮೂಗಿ ಅಂತಾರೆ. ಕೈಯಲ್ಲಿ ಅವಳು ಆಡುವಷ್ಟು ಮಾತನ್ನು ನಾನು ಬಾಯಲ್ಲಿ ಆಡಿದವಳಲ್ಲ. ಬೇರೆಯವರು ಬಾಗಿಲ ಹತ್ತಿರದ ಸೋಪಾನದಲ್ಲಿ ಒಗೆದರೆ ಇವಳು ಹುಣಸೆಮರ ದಾಟಿ ದೂರದ ಹಾಸುಬಂಡೆಗೆ ಹೋಗುತ್ತಿದ್ದಳು. ಅಲ್ಲಿ ಯಾರೂ ಇವಳ ಕೈ ನೋಡಿ ಅಣಕಿಸುತ್ತಿರಲಿಲ್ಲ.

ಆ ಶನಿವಾರ ಜಿಲ್ಲೆಯ ದೊಡ್ಡ ಸಾಹೇಬರು ಬರುವವರಿದ್ದರು. ನಮ್ಮ ಅಧ್ಯಕ್ಷ ತೋಪಯ್ಯನವರಿಗೆ ಹೊಳೆಮನೆಯಲ್ಲಿ ಲಂಗ ಚಡ್ಡಿ ಒಗೆಯುವುದು ಅವಮಾನವಾಗಿತ್ತು. ಹೊಸ ಚಿತ್ರ ತರಿಸಿದ್ದರು, ಹಿಮದ ಬೆಟ್ಟದ್ದು. ಕಡಿಮೆ ಬೆಲೆಯ ಯಂತ್ರ, ಅದರ ಹೊಟ್ಟೆಯಲ್ಲಿ ಒಂದೇ ಚಿತ್ರಕ್ಕೆ ಜಾಗ. ಹಳೆಯದು ಅಳಿಸಿದರೇ ಹೊಸದು ಕೂರುವುದು. ಸಾಹೇಬರು ಬರುವ ಹೊತ್ತಿಗೆ ಬದಲಿಸುವುದೆಂದು ಮಾತಾಗಿತ್ತು. ಬೆಳಿಗ್ಗೆ ದುಂಡಿ ಗಂಟು ಹೊತ್ತು ಒಳಗೆ ಹೋದಳು. ಮಿಕ್ಕವರೆಲ್ಲ ಒಬ್ಬೊಬ್ಬರಾಗಿ ಬಂದು ಮೆಟ್ಟಿಕೊಂಡು ಹೋದರು. ಅವಳ ಜೋಡೊಂದು ಉಳಿದಿತ್ತು. ಅಷ್ಟರಲ್ಲಿ ಅಧ್ಯಕ್ಷರು ನನ್ನನ್ನು ಕರೆದು, ಚಪ್ಪರದ ಕೆಳಗೆ ಕಸ ಹಾಗೇ ಇದೆ ಅಂತ ಗುಡಿಸಲು ಕಳಿಸಿದರು. ಜೋಡು ಇದೆಯಲ್ಲ, ಇದಾಯತ್ತು ನೋಡುತ್ತಾನೆ ಅಂತ ಪೊರಕೆ ಹಿಡಿದು ಹೋದೆ.

ಗುಡಿಸಿ ತಿರುಗಿ ಬಂದಾಗ ಗೋಣಿತಾಟು ಇರಲಿಲ್ಲ. ಅಲ್ಲಿ ರಂಗೋಲಿ ಬಿಟ್ಟಿದ್ದರು. ಬಾಗಿಲ ಪರದೆ ಅಲುಗಿದಾಗಲೆಲ್ಲ ಒಳಗಿನ ಗಾಳಿ ಕಾಲಿಗೆ ತಣ್ಣಗೆ ಹೊಡೆಯುತ್ತಿತ್ತು.

"ಇಲ್ಲಿದ್ದ ಜೋಡು?" ಅಂದೆ.

ಅಧ್ಯಕ್ಷರು ಅಂದರು, "ಅಯ್ಯೋ, ಅದ್ಯಾರೋ ಶನಿ ಬಿಟ್ಟೋಗಿದ್ರು ಈರಮ್ಮ. ಸಾಹೇಬ್ರು ಬರೋ ಬಾಗ್ಲಲ್ಲಿ ಅದೇನು ಲಕ್ಷಣ ಅಂತ ಆಚೆಗೆ ಎಸೆಸ್ದೆ."

"ಅದು ದುಂಡೀದು."

"ಸುಮ್ನಿರು. ಎಡಗಾಲಿನ ಉಂಗುಟ ಕಿತ್ತು ಪಿನ್ನು ಹಾಕಿತ್ತು. ಹಿಮ್ಮಡಿ ಸವೆದು ನೆಲ ಕಾಣ್ತಿತ್ತು. ಅಂಥದ್ನ ಯಾರಾದ್ರೂ ವಾಪಸ್ ಮೆಟ್ಕಂಡು ಹೋಗ್ತಾರಾ?"

"ನಾವು ಮೆಟ್ಟೋದು ಅಂಥದ್ನೇ ಸ್ವಾಮಿ," ಅಂದೆ.

ಇದಾಯತ್ತು ಅಧ್ಯಕ್ಷರ ಕಡೆ ತಿರುಗಿದ. "ಈರಮ್ಮಜ್ಜೀನ ಕೇಳ್ತೀನಿ ಅಂತ ಹೇಳ್ದೆ ಸಾರ್. ನೀವೇ ಶನಿವಾರ ಶನಿವಾರ ಅಂದ್ರಿ." ಹೊಳೆ ಅಳಿಸಿ ಆಗಿತ್ತು. ಬೆಟ್ಟದ ಚಿತ್ರ ಓಡುತ್ತಿತ್ತು.

ಸಾಹೇಬರ ಊಟಕ್ಕೆ ಅಡುಗೆ ಮಾಡಲು ಬಂದಿದ್ದ ಮರಿಯಪ್ಪ ಸೌಟು ಹಿಡಿದೇ ಓಡಿಬಂದ. ಮದುವೆ ಮನೆಗಳಲ್ಲಿ ಅವನು ಕೂಗಿದರೆ ಪಕ್ಕದ ಬೀದಿಯಲ್ಲಿ ಎಲೆ ಹಾಕುತ್ತಾರೆ, ಅಂಥ ಗಂಟಲು. ಪರದೆ ಸರಿಸಿ ಒಳಗೆ ನುಗ್ಗಿದವನು ಸ್ವಲ್ಪ ಹೊತ್ತಿಗೆ ಹಲ್ಲು ಕಟಕಟ ಅನ್ನಿಸಿಕೊಂಡು ಬಂದ. ಕೈಯಲ್ಲೊಂದು ಅಂಗಿ. ಎರಡು ತೋಳೂ ಚಾಚಿಕೊಂಡು ಹಪ್ಪಳದ ಹಾಗೆ ಸೆಟೆದು ನಿಂತಿತ್ತು. ಪೋಸ್ಟ್‌ಮ್ಯಾನ್ ಅಂಗಿ ಅದು, ಬೆಳಿಗ್ಗೆ ದುಂಡಿಯ ಗಂಟಿನಲ್ಲಿ ನಾನೇ ನೋಡಿದ್ದೆ.

"ಒಳಗವ್ಳೆ ಕಣಕ್ಕ. ಒಗೆದಿದ್ದೆಲ್ಲ ಮಂಜಲ್ಲಿ ಬಿದ್ದೈತೆ. ಅವಳು ಕಾಣ್ನಿಲ್ಲ. ಮಂಡಿವರ್ಗೂ ಹೂತ್ಕಂತೈತೆ, ಎತ್ಲಾಗೆ ನೋಡಿದ್ರೂ ಬಿಳಿ. ಕೂಗ್ದೆ, ಕೂಗ್ದೆ..." ಅಂದವನು, ಯಾರನ್ನು ಕೂಗಿದೆ ಎಂಬುದು ಹೊಳೆದು ಸುಮ್ಮನಾದ.

ಬರಿಗಾಲು. ಒದ್ದೆ ಸೀರೆ. ಬೆನ್ನ ಹಿಂದೆ ಬೆಟ್ಟ ಮುರಿದು ಬಿದ್ದರೂ ಕೇಳದ ಕಿವಿ. ನಾನು ಇದಾಯತ್ತಿನ ತೋಳು ಹಿಡಿದು, "ಹೊಳೆ ಹಾಕು ಮಗ," ಅಂದೆ.

"ಅದು ಇಲ್ಲಜ್ಜಿ. ಕಂಪನಿಗೆ ಫೋನು ಮಾಡ್ದೆ. ಹುಡುಕಿ ನೋಡ್ತೀವಿ, ಒಂದು ವಾರ ಆಗ್ಬೋದು ಅಂತಾರೆ."

"ಹಂಗಾದ್ರೆ ಯಂತ್ರ ನಿಲ್ಲಿಸ್ಬಿಡು," ಅಂದರು ಅಧ್ಯಕ್ಷರು. ದೂರದಲ್ಲಿ ವಾಲಗ ಕೇಳಿಸುತ್ತಿತ್ತು, ಸಾಹೇಬರು ಊರಬಾಗಿಲಿಗೆ ಬಂದಿದ್ದರು. "ನಿಂತ್ರೆ ಒಳಗಿರೋರಿಗೆ ಏನೂ ತಿಳಿಯಲ್ಲ ತಾನೆ? ಕರೆಂಟು ಹೋದಾಗ ನೋಡಿಲ್ವಾ? ಚಳೀನೂ ಇಲ್ಲ, ಹಸಿವೂ ಇಲ್ಲ. ಸಾಹೇಬ್ರಿಗೆ ಯಂತ್ರ ಕೆಟ್ಟಿದೆ ಅನ್ನೋಣ. ಕಾರ್ಯಕ್ರಮ ಮುಗೀಲಿ, ನಿಧಾನಕ್ಕೆ ಹುಡುಕ್ಸೋಣ."

ಅವರು ಕೆಟ್ಟ ಮನುಷ್ಯರಲ್ಲ. ಆದರೆ ನಿಧಾನಕ್ಕೆ ಅಂತ ಪಂಚಾಯಿತಿಯಲ್ಲಿ ಹೇಳಿದ ಮಾತು ಏನಾಗುತ್ತದೆಂದು ನಾನು ಬಹಳ ವರ್ಷ ನೋಡಿದ್ದೇನೆ. ನಿಂತ ಯಂತ್ರದಲ್ಲಿ ಇರುವವಳು ಬಾಯಿ ಇದ್ದರೂ ಕೂಗುವುದಿಲ್ಲ, ದುಂಡಿಗೆ ಬಾಯೂ ಇಲ್ಲ. ಒಂದು ವಾರ ಹತ್ತಾಗುತ್ತದೆ, ಹತ್ತು ವಾರ ಮಳೆಗಾಲವಾಗುತ್ತದೆ. ಗುಡಾರಕ್ಕೆ ಗೆದ್ದಲು ಹತ್ತುತ್ತದೆ.

"ನಿಲ್ಸಂಗಿಲ್ಲ ಸಾರ್," ಅಂದ ಇದಾಯತ್ತು. "ನಿಲ್ಸಿ ಹಾಕಿದ್ರೆ ಚಿತ್ರ ಮೊದಲಿಂದ ಶುರುವಾಗುತ್ತೆ. ಮೊದಲಲ್ಲೇ ಹಿಮದ ಬಿರುಗಾಳಿ. ಆಗ್ಲೇ ಒಂದು ಸಲ ಅದರೊಳಗೇ ಇದ್ರು ದುಂಡಮ್ಮ. ಈಗ ಬಿಸಿಲು ಬಂದಿದೆ. ಇದೊಂದೇ ತಿಳಿಯಾದ ಹೊತ್ತು. ಇದು ಮುಗಿದ್ರೆ ಮೋಡ ಕಟ್ಟಿ ತಿರ್ಗಾ ಬಿರುಗಾಳಿ."

"ಇನ್ನೊಂದು ಸಲ ತಡೀತಾಳಾ?" ಅಂದ ಮರಿಯಪ್ಪ.

"ಓಡ್ಲಿ ಬುಡಿ," ಅಂದೆ ನಾನು. "ಯಾರೂ ಕೈ ಇಡಬ್ಯಾಡಿ."

ಮರಿಯಪ್ಪ ಚಪ್ಪರದ ಹಗ್ಗ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು ಮತ್ತೆ ಒಳಗಿಳಿದ. ಹಗ್ಗ ಸಾಲದು ಅಂತ ಎಲ್ಲರಿಗೂ ಕಾಣುತ್ತಿತ್ತು. ಬಿಸಿಲು ಎಷ್ಟು ಉಳಿದಿದೆ ನೋಡುತ್ತೇನೆಂದು ಇದಾಯತ್ತು ಹಿಂದಿನ ಗೂಡಿಗೆ ಓಡಿದ. ನಾನೂ ಅವನ ಹಿಂದೆ ಹೋದೆ. ಅವನು ಬಗ್ಗಿ ಯಂತ್ರ ನೋಡುವಾಗ ಮೊಣಕೈ ಬೆಳಕಿಗೆ ಅಡ್ಡ ಬಂತು. ಗುಡಾರದೊಳಗಿಂದ ಮರಿಯಪ್ಪನ ಗಂಟಲು ಕೇಳಿಸಿತು.

"ಅದ್ಯಾವನ್ಲಾ ಆಕಾಶದಲ್ಲಿ ತೋಳಾಡ್ಸಿದ್ದು! ಬೆಟ್ಟದ ಮ್ಯಾಲೆಲ್ಲ ಕತ್ಲೆ ಹಾದೋಯ್ತು!"

ಇದಾಯತ್ತು ಕೈ ಹಿಂದಕ್ಕೆ ಎಳೆದುಕೊಂಡ. ನಾನು ಅವನನ್ನು ಸರಿಸಿದೆ.

ನಮ್ಮ ಮನೆಯಲ್ಲಿ ದುಂಡಿಯನ್ನು ಕರೆಯುವುದೆಂದರೆ ಅವಳ ಕಣ್ಣೆದುರಿಗೆ ಹೋಗಬೇಕು. ಎಲ್ಲರೂ ಅವಳಿಗೆ ಕೈಬೀಸಿ ಕರೆದರೆ ನಾನು ಮಾತ್ರ ಐದೂ ಬೆರಳು ಕೂಡಿಸಿ ಎರಡು ಸಲ ಬಿಡಿಸುತ್ತಿದ್ದೆ, ಹೂ ಅರಳಿದ ಹಾಗೆ. ಅಕ್ಕ ಕರೀತಿದ್ದಾಳೆ ಅಂತ ಅದರ ಅರ್ಥ. ನನ್ನ ಕಿರುಬೆರಳು ಒರಳುಕಲ್ಲಿಗೆ ಸಿಕ್ಕಿ ಸೊಟ್ಟಗಾಗಿದೆ. ಅರಳಿದಾಗ ಆ ಒಂದು ಎಸಳು ಆಚೆಗೆ ಬಾಗಿರುತ್ತದೆ, ಇನ್ನೊಬ್ಬರು ಮಾಡಲಿಕ್ಕೆ ಬರುವುದಿಲ್ಲ. ಆ ಕೈಯನ್ನು ಬೆಳಕಿಗೆ ಹಿಡಿದೆ. ಯಂತ್ರದ ಶಾಖ ಅಂಗೈಗೆ ತಟ್ಟಿತು. ಕನ್ನಡಿಯಿಂದ ತಿರುಗಿ ಹೊಡೆದ ಬೆಳಕಿಗೆ ಕಣ್ಣು ಕತ್ತಲಿಟ್ಟು ನನಗೆ ಏನೂ ಕಾಣದಾಯಿತು. ಬೆರಳು ಕೂಡಿಸಿದೆ, ಬಿಡಿಸಿದೆ. ಕೂಡಿಸಿದೆ, ಬಿಡಿಸಿದೆ.

"ಮರಿಯಪ್ಪ, ಏನಾದ್ರೂ ಕಾಣ್ತದಾ?"

"ನಿನ್ನ ಕೈಯೇ ಕಾಣ್ತೈತೆ ತಾಯಿ, ಊರಗಲ!"

ಅರಳಿಸುತ್ತಲೇ ಇದ್ದೆ. ವಾಲಗ ಹತ್ತಿರಾಯಿತು. ಅಧ್ಯಕ್ಷರು ಗೂಡಿನ ಬಾಗಿಲಿಗೆ ಬಂದು ಏನೋ ಹೇಳಿದರು, ಇದಾಯತ್ತು ಅವರೆದುರು ಎರಡೂ ಕೈ ಚಾಚಿ ಅಡ್ಡ ನಿಂತ. ಎಡಗೈಯಿಂದ ಬಲಗೈಯ ಮೊಣಕೈ ಹಿಡಿದುಕೊಂಡೆ.

"ಅಕ್ಕಾ!" ಅಂತ ಮರಿಯಪ್ಪ ಅರಚಿದ. "ಕೆಂಪಗೆ ಏನೋ ಕಾಣ್ತೈತೆ. ದಿಬ್ಬದ ಹಿಂದ್ಗಡೆಯಿಂದ ಎದ್ದು ನಿಂತ್ಕಂಡೈತೆ. ಅವ್ಳೇ ಕಣಕ್ಕ! ಮ್ಯಾಲೆ ನೋಡ್ತಾವ್ಳೆ!"

ಅವಳು ಆ ದಿನ ಉಟ್ಟಿದ್ದದ್ದು ಕೆಂಪು ಸೀರೆ. ಬಾಗಿಲು ಯಾವ ಕಡೆ ಅಂತ ಅವಳಿಗೆ ತೋರಿಸಬೇಕಿತ್ತು. ಮರಿಯಪ್ಪನನ್ನು ಕೇಳಿದೆ. ಅವಳ ಬಲಕ್ಕೆ ಅಂದ. ಬಲಕ್ಕೆ ಬೆರಳು ಚಾಚಿದೆ. ಆಮೇಲೆ, "ಅಯ್ಯೋ, ಅತ್ಲಾಗೆ ಹೋಯ್ತಾವ್ಳೆ ಕಣಕ್ಕ! ಕಂದರದ ಕಡೀಕೆ! ದೂರ ಆಯ್ತಾವ್ಳೆ!"

ಮೊಂಡು ಮಾಡುತ್ತಿದ್ದಾಳೆ ಅಂದುಕೊಂಡೆ. ಇನ್ನೂ ಗಟ್ಟಿಯಾಗಿ ಬಲಕ್ಕೆ ತೋರಿಸಿದೆ.

"ಓಡ್ತಾವ್ಳೆ! ಬ್ಯಾಡ ಅನ್ನಕ್ಕ, ಬ್ಯಾಡ ಅನ್ನು!"

"ಕನ್ನಡಿ ಅಜ್ಜಿ!" ಅಂದ ಇದಾಯತ್ತು ಹಿಂದಿನಿಂದ. "ಕನ್ನಡೀಲಿ ಎಡ ಬಲ ತಿರುಗಾ ಮುರುಗಾ ಆಗುತ್ತೆ!"

ನಾನೇ ನನ್ನ ತಂಗಿಯನ್ನು ಕಂದರಕ್ಕೆ ಓಡಿಸುತ್ತಿದ್ದೆ. ಅವಳು ಅಕ್ಕ ತೋರಿಸಿದ ಕಡೆಗೆ, ಕಾಲು ಹೂತುಕೊಳ್ಳುತ್ತಿದ್ದರೂ, ಎದ್ದು ಬಿದ್ದು ಓಡುತ್ತಿದ್ದಳು. ಅಂಗೈ ಪೂರಾ ಬಿಡಿಸಿ ಬೆಳಕನ್ನೇ ಮುಚ್ಚಿಬಿಟ್ಟೆ. ನಿಲ್ಲು ಅನ್ನುವುದಕ್ಕೆ ನಮ್ಮಲ್ಲಿ ಅದೇ. ಒಳಗೆ ಕತ್ತಲಾಗಿರಬೇಕು. ಕೈ ತೆಗೆದು ಎಡಕ್ಕೆ ತೋರಿಸಿದೆ.

"ನಿಂತ್ಲು... ತಿರುಗಿದ್ಲು. ಬತ್ತಾವ್ಳೆ. ಇತ್ಲಾಗೇ ಬತ್ತಾವ್ಳೆ! ಬಾ ನಮ್ಮವ್ವ, ಬಾ!"

"ಮೋಡ ಕಟ್ತಿದೆ ಅಜ್ಜಿ," ಅಂದ ಇದಾಯತ್ತು ಮೆಲ್ಲಗೆ. ಯಂತ್ರದ ಬೆಳಕು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು.

ಎಡಕ್ಕೆ, ಎಡಕ್ಕೆ. ಹಾಗೆ ಎಷ್ಟು ಹೊತ್ತೋ. ಆಮೇಲೆ ಮರಿಯಪ್ಪ ಬೈಯಲು ಶುರುಮಾಡಿದ. "ಇವಳಿಗೇನು ಬಂತು? ಯಾಕಿಂಗ್ ನಿಂತ್ಕಂಡ್ಲು? ಬಾರೇ! ಅಕ್ಕ, ಏನೋ ಕೈ ಮಾಡ್ತಾವ್ಳೆ."

"ಹೆಂಗ್ ಮಾಡ್ತಾಳೆ? ಹೇಳು, ಹಂಗಂಗೇ ಹೇಳು."

"ಹೆಗಲ ಮ್ಯಾಲಿಂದ ಏನೋ ಎಳ್ಕಂತಾಳೆ. ಆಮೇಲೆ ಮೂಗು ಹಿಡ್ಕಂತಾಳೆ. ಆಮೇಲೆ ಬರೀ ಕೈ ತೋರುಸ್ತಾಳೆ. ನಂಗೆ ಬೈತಾವ್ಳಾ ಹೆಂಗೆ?"

ಹೆಗಲ ಮೇಲಿಂದ ಎಳೆದರೆ ಸೀರೆ. ಮೂಗು ಹಿಡಿದರೆ ಕಂಡಕ್ಟರ ಹೆಂಡತಿ, ಅವಳದು ದೊಡ್ಡ ಮೂಗುಬೊಟ್ಟು. ಆ ಹೆಂಗಸು ಹಬ್ಬಕ್ಕೆ ಬಾಗಿನವಾಗಿ ಬಂದ ಹಸಿರು ಸೀರೆಯನ್ನು ಯಾರಿಗೂ ಮುಟ್ಟಿಸದವಳು, ಆ ದಿನ ಇವಳನ್ನು ನಂಬಿ ಕೊಟ್ಟಿದ್ದಳು. ಅದು ಸಿಗುತ್ತಿಲ್ಲ. ಗಾಳಿಗೆ ಹಾರಿಹೋಗಿದೆ. ಅದು ಸಿಗದೆ ಬರಲಾರೆ ಅನ್ನುತ್ತಿದ್ದಳು. ಈ ಬಿರುಗಾಳಿಯಲ್ಲೆಲ್ಲ ಇವಳು ಬಾಗಿಲು ಹುಡುಕಿಲ್ಲ, ಬಟ್ಟೆ ಹುಡುಕಿದ್ದಾಳೆ ಅಂತ ನನಗೆ ಆಗ ತಿಳಿಯಿತು.

"ಸೀರೆ ಹಾಳಾಗೋಗ್ಲಿ ಅನ್ನಕ್ಕ!" ಅಂದ ಮರಿಯಪ್ಪ. "ಗಾಳಿ ಎದ್ದದೆ, ನಂಗೇ ನಿಲ್ಲಾಕಾಯ್ತಿಲ್ಲ!"

ಹಾಳಾಗಲಿ ಅಂದರೆ ಅವಳು ಬರುವವಳಲ್ಲ. ಜನ ಮೂಗಿ ಅಂದದ್ದನ್ನು ಸಹಿಸಿದ್ದಾಳೆ, ಕಳ್ಳಿ ಅನ್ನುವುದಕ್ಕೆ ಅವಳು ಯಾರಿಗೂ ಎಡೆ ಕೊಟ್ಟಿಲ್ಲ. ಎಡ ಅಂಗೈ ಚಾಚಿ, ಬಲಗೈ ಮುಷ್ಟಿ ಕಟ್ಟಿ ಅದರ ಮೇಲೆ ಇಟ್ಟೆ. ಸಿಕ್ಕಿತು, ನನ್ನ ಹತ್ತಿರ ಇದೆ. ಬೆರಳು ಕೂಡಿಸಿ ಅರಳಿಸಿದೆ. ಬಾ. ಸಿಕ್ಕಿತು. ಬಾ. ಹುಟ್ಟಿದಾರಭ್ಯ ಅವಳಿಗೆ ಕೈಯಲ್ಲಿ ನಾನು ಸುಳ್ಳು ಹೇಳಿರಲಿಲ್ಲ.

ಇದಾಯತ್ತು, "ಬಿರುಗಾಳಿ," ಅಂದ. ಬೆಳಕು ಪೂರಾ ಬಿಳಿಚಿಕೊಂಡಿತು, ನನ್ನ ಕೈಯ ನೆರಳು ಅದರಲ್ಲಿ ಬಿದ್ದೀತೋ ಇಲ್ಲವೋ. ಹಗ್ಗದ ತುದಿ ಹಿಡಿದಿದ್ದವರು ಹೊರಗೆ ಏನೋ ಕೂಗುತ್ತಿದ್ದರು. ವಾಲಗ ನಿಂತುಹೋಗಿತ್ತು. ಸಾಹೇಬರು ಬಂದಿರಬೇಕು. ನಾನು ತಿರುಗಿ ನೋಡಲಿಲ್ಲ. ಕೈ ತೆಗೆದ ಗಳಿಗೆಯಲ್ಲೇ ಅವಳು ತಲೆಯೆತ್ತಿ ನೋಡಿಬಿಟ್ಟರೆ? ಅಂಗೈ ಸುಟ್ಟು ಬೊಬ್ಬೆ ಏಳುವ ಹಾಗಾಗಿತ್ತು. ಸಿಕ್ಕಿತು, ಬಾ. ಸಿಕ್ಕಿತು, ಬಾ.

ಬೆನ್ನ ಮೇಲೆ ಏನೋ ತಣ್ಣಗೆ ಒತ್ತಿತು. ಕಬ್ಬಿಣದ ಸಲಾಕೆ ಇಟ್ಟ ಹಾಗೆ.

ತಿರುಗಿದೆ. ಕಣ್ಣಿಗೆ ಮೊದಲು ಕತ್ತಲೆ, ಆಮೇಲೆ ಕೆಂಪು, ಆಮೇಲೆ ಅವಳ ಮುಖ. ರೆಪ್ಪೆಯ ಮೇಲೆ ಮಂಜು ಕೂತಿತ್ತು. ತುಟಿ ನೇರಳೆಹಣ್ಣು. ಕಂಕುಳಲ್ಲಿ ಬಟ್ಟೆ ಗಂಟು, ಸೌದೆ ಹೊರೆಯ ಹಾಗೆ ಸೆಟೆದದ್ದು. ಆಕಾಶದಲ್ಲಿ ಕಂಡ ಕೈ ಯಾರದೆಂದು ತಿಳಿದೇ ಬಾಗಿಲಿನಿಂದ ನೆಟ್ಟಗೆ ಗೂಡಿಗೆ ಬಂದಿದ್ದಳು. ಅವಳ ಹಿಂದೆ ಮರಿಯಪ್ಪ ಹಗ್ಗ ಎಳೆದುಕೊಂಡು ನಿಂತಿದ್ದ, ಅವನ ಹಿಂದೆ ಅಧ್ಯಕ್ಷರು, ಅವರ ಹಿಂದೆ ಹಾರ ಹಾಕಿಸಿಕೊಂಡ ಯಾರೋ, ವಾಲಗದವರು, ಇಡೀ ಬಸ್‌ಸ್ಟ್ಯಾಂಡು. ಎಲ್ಲರೂ ಅವಳ ಪಾದ ನೋಡುತ್ತಿದ್ದರು. ಅಧ್ಯಕ್ಷರು ಮಾತ್ರ ಬೇರೆ ಕಡೆ ನೋಡುತ್ತಿದ್ದರು.

ನಾನು ಕುಕ್ಕರಿಸಿ ಕೂತುಬಿಟ್ಟೆ. ದುಂಡಿ ಗಂಟು ಕೆಳಗಿಟ್ಟು ನನ್ನೆದುರು ಕೂತಳು. ಬೆರಳು ಮಡಚಲು ಬರುತ್ತಿರಲಿಲ್ಲ, ಆದರೂ ಹೆಗಲ ಮೇಲಿಂದ ಎಳೆದು ತೋರಿಸಿದಳು, ಮೂಗು ತೋರಿಸಿದಳು, ಅಂಗೈ ಚಾಚಿದಳು. ಸೀರೆ ಎಲ್ಲಿ?

ನಾನು ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ.

ಅವಳು ಸೆರಗಿನೊಳಗೆ ಕೈ ಹಾಕಿ ನನ್ನ ಕೈಗಳನ್ನು ಹೊರಗೆಳೆದಳು. ಒಂದೊಂದಾಗಿ ಬೆರಳು ಬಿಡಿಸಿದಳು, ಅಂಗೈ ನೋಡಿದಳು, ಮಗುಚಿ ಹಿಂಗೈ ನೋಡಿದಳು, ಸೀರೆ ಅಲ್ಲೇ ಎಲ್ಲೋ ಸಿಕ್ಕಿಕೊಂಡಿರಬಹುದು ಅನ್ನುವ ಹಾಗೆ. ಸುಟ್ಟು ಕೆಂಪಾದದ್ದು ಕಂಡಿತು. ನನಗೊಂದು ಏಟು ಹಾಕುತ್ತಾಳೆ ಅಂದುಕೊಂಡೆ. ಅವಳು ಎರಡೂ ಕಾಲು ಮುಂದೆ ಚಾಚಿ, ಆ ಬಿಸಿ ಕೈಗಳನ್ನು ತೆಗೆದುಕೊಂಡು ತನ್ನ ಪಾದಗಳಿಗೆ ಒತ್ತಿ ಹಿಡಿದಳು.